ಚಾಟ್ಸ್‌ವರ್ತ್ ಉದ್ಯಾನದಿಂದ ಮೂರ್‌ಲ್ಯಾಂಡಿಗೆ: ಅರವತ್ತು ದಾಟಿದವರು ನಡೆಯಬಹುದೇ?

ಪ್ರಶ್ನೆ: ನಾವು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿದ್ದೇವೆ. ಆಗಸ್ಟ್ ಕೊನೆಗೆ ನನ್ನ ತಂದೆ-ತಾಯಿ ಶಿರಸಿಯಿಂದ ಬರುತ್ತಿದ್ದಾರೆ. ತಂದೆಗೆ 64 ವರ್ಷ. ತೋಟ, ಬೆಟ್ಟ ಎಂದು ದಿನವೂ ಓಡಾಡುವವರು. ತಾಯಿಗೆ ಮಂಡಿನೋವಿದೆ. ಬ್ಯಾಸ್ಲೋ ಎಂಬ ಹಳ್ಳಿಯಿಂದ ಹೊರಟು ಚಾಟ್ಸ್‌ವರ್ತ್ ಎಸ್ಟೇಟಿನ ಉದ್ಯಾನವನ್ನು ಹಾದು, ಮೂರ್‌ಲ್ಯಾಂಡ್ ಹತ್ತಿ ಮತ್ತೆ ಬ್ಯಾಸ್ಲೋಗೆ ಬರುವ ದಾರಿಯನ್ನು ‘ಮಾಡರೇಟ್’ ಎಂದು ಹೇಳುತ್ತಾರೆ. ಹಾಗೆಂದರೆ ಎಷ್ಟು ಕಷ್ಟ? ಖಾಸಗಿ ಎಸ್ಟೇಟಿನೊಳಗೆ ಕೇಳದೆ ಕಾಲಿಡಬಹುದೇ? ನಮ್ಮಲ್ಲಿ ಕಾಫಿ ಎಸ್ಟೇಟಿಗೆ ಹಾಗೆ ಹೋಗಲಾಗದು. ಮೂರ್‌ಲ್ಯಾಂಡ್ ಎಂದರೆ ನಮ್ಮ ಕುದುರೆಮುಖದ ಹುಲ್ಲುಗುಡ್ಡದಂಥದೇ?

ಉತ್ತರ: ನಿಮ್ಮ ತಂದೆಯವರು ಈ ಸುತ್ತನ್ನು ಪೂರ್ತಿಯಾಗಿ ನಡೆಯಬಲ್ಲರು. ನಿಮ್ಮ ತಾಯಿಯವರು ಮೊದಲ ಎರಡು ಕಿಲೋಮೀಟರುಗಳನ್ನು, ಅಂದರೆ ಬ್ಯಾಸ್ಲೋದಿಂದ ಎಸ್ಟೇಟಿನ ಒಡೆಯರಾದ ಡ್ಯೂಕರ ಚಾಟ್ಸ್‌ವರ್ತ್ ಮನೆಯವರೆಗಿನ ನದೀತೀರದ ಸಮತಟ್ಟು ದಾರಿಯನ್ನು ನಡೆದು, ಅಲ್ಲಿಗೆ ನಿಲ್ಲಿಸುವುದು ಒಳ್ಳೆಯದು. ಅವರ ಮಂಡಿಗೆ ಏರಿಗಿಂತ ಹೆಚ್ಚು ಕಾಟ ಕೊಡುವುದು ಕೊನೆಯ ಕಲ್ಲುಹಾದಿಯ ಇಳಿಜಾರು, ಮತ್ತು ಅದಕ್ಕೂ ಮುಂಚೆ ಬರುವ ಜೌಗು ನೆಲ. ಈ ನಡಿಗೆಯ ಬಗ್ಗೆ ನಾನು ಮುಖ್ಯವಾಗಿ ಹೇಳಬೇಕಾದುದೂ ಅದೇ: ಇಲ್ಲಿಯ ಹೆಚ್ಚಿನ ಕಷ್ಟ ನಕ್ಷೆಯಲ್ಲಿ ಚಪ್ಪಟೆಯಾಗಿ ಕಾಣುವ ಎರಡನೆಯ ಅರ್ಧದಲ್ಲಿದೆ. ಉದ್ಯಾನದಲ್ಲಿ ಕಾಲ ಕಳೆದು, ದಣಿದು, ತಡವಾಗಿ ಮೂರ್‌ಲ್ಯಾಂಡಿಗೆ ಕಾಲಿಡುವವರೇ ಅಲ್ಲಿ ಪೇಚಿಗೆ ಸಿಲುಕುತ್ತಾರೆ.

‘ಮಾಡರೇಟ್’ ಎಂಬುದಕ್ಕೆ ಇಡೀ ಬ್ರಿಟನ್ನಿಗೆ ಅನ್ವಯಿಸುವ ಒಂದೇ ಅಳತೆಗೋಲು ಇಲ್ಲ. ದಾರಿಯನ್ನು ವಿವರಿಸುವವರು ತಮ್ಮ ತಮ್ಮ ಲೆಕ್ಕದಲ್ಲಿ ಅದನ್ನು ಬಳಸುತ್ತಾರೆ. ಆದ್ದರಿಂದ ಆ ಪದವನ್ನು ಬದಿಗಿಟ್ಟು ಅಂಕಿಗಳನ್ನೇ ನೋಡೋಣ. ನೀವು ಹೇಳುವ ಸುತ್ತು 12ರಿಂದ 14 ಕಿಲೋಮೀಟರ್ ಉದ್ದವಿದೆ. ಅಲ್ಲಲ್ಲಿ ಏರಿದ್ದನ್ನೆಲ್ಲ ಕೂಡಿದರೆ 300ರಿಂದ 350 ಮೀಟರ್ ಆಗುತ್ತದೆ. ಅತಿ ಎತ್ತರದ ಸ್ಥಳವಾದ ಬರ್ಚೆನ್ ಎಡ್ಜ್‌ನ ಸರ್ವೇ ಕಂಬ ಸಮುದ್ರಮಟ್ಟದಿಂದ ಸುಮಾರು 310 ಮೀಟರ್ ಎತ್ತರದಲ್ಲಿದೆ. ಅಂದರೆ ಶಿರಸಿಯೇ ಇದಕ್ಕಿಂತ ಎತ್ತರದಲ್ಲಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕವನ್ನು ಇಲ್ಲಿಯವರು ಇಂದಿಗೂ ಬಳಸುತ್ತಾರೆ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆ ಪ್ರಕಾರ ಇದು ಮೂರು ಗಂಟೆ ಚಿಲ್ಲರೆಯ ನಡಿಗೆ. ಆದರೆ ನೇಸ್ಮಿತ್ತರ ಲೆಕ್ಕ ನಿಲ್ಲದೆ ನಡೆಯುವ ಗಟ್ಟಿಗರಿಗೆ ಹೇಳಿದ್ದು. ಊಟ, ಫೋಟೋ, ಮಾತು, ಕೆಸರು ಎಲ್ಲವನ್ನೂ ಸೇರಿಸಿ ನೀವು ಐದೂವರೆ ಗಂಟೆ ಇಟ್ಟುಕೊಳ್ಳಿ. ಬೆಳಿಗ್ಗೆ ಹತ್ತಕ್ಕೆ ಬ್ಯಾಸ್ಲೋ ಬಿಟ್ಟರೆ ನಾಲ್ಕರ ಒಳಗೆ ಮರಳಬಹುದು.

ಅನುಮತಿಯ ಪ್ರಶ್ನೆ ಸಣ್ಣದಲ್ಲ, ಏಕೆಂದರೆ ಈ ಒಂದೇ ಸುತ್ತಿನಲ್ಲಿ ನೀವು ಕಾನೂನಿನ ಮೂರು ಬಗೆಯ ನೆಲದ ಮೇಲೆ ನಡೆಯುತ್ತೀರಿ. ಮೊದಲನೆಯದು ಸಾರ್ವಜನಿಕ ಕಾಲುದಾರಿ. ಅದು ಯಾರದೇ ಹೊಲದ ಮೂಲಕ ಹೋಗಲಿ, ಆ ದಾರಿಯಲ್ಲಿ ನಡೆಯುವುದು ಎಲ್ಲರ ಹಕ್ಕು. ಜಮೀನಿನ ಒಡೆಯ ಅದನ್ನು ತಾನಾಗಿ ಮುಚ್ಚುವಂತಿಲ್ಲ. ಎರಡನೆಯದು ಒಡೆಯನ ಒಪ್ಪಿಗೆಯಿಂದ ತೆರೆದಿರುವ ದಾರಿ. ಚಾಟ್ಸ್‌ವರ್ತ್ ಮನೆಯ ಹಿಂದಿನ ಸ್ಟ್ಯಾಂಡ್ ವುಡ್ ಕಾಡಿನ ದಾರಿಗಳೂ ಅಲ್ಲಿಂದ ಉತ್ತರಕ್ಕೆ ಹೋಗುವ ದಾರಿಯೂ ಈ ಜಾತಿಗೆ ಸೇರಿದವು. ಮರ ಕಡಿಯುವ ಕೆಲಸವಿದ್ದಾಗ ಇಂಥ ದಾರಿಯನ್ನು ಮುಚ್ಚಿದರೆ ನೀವು ವಾದಿಸುವಂತಿಲ್ಲ, ಬೇರೆ ದಾರಿ ಹಿಡಿಯಬೇಕು. ಮೂರನೆಯದು ಮುಕ್ತ ಪ್ರವೇಶದ ನೆಲ. ಅಲ್ಲಿ ದಾರಿ ಬಿಟ್ಟು ಎತ್ತ ಬೇಕಾದರೂ ಕಾಲ್ನಡಿಗೆಯಲ್ಲಿ ಅಲೆಯಬಹುದು. ಬ್ರಿಟನ್ನಿನ ಸರ್ಕಾರಿ ಸರ್ವೇ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆ ಪ್ರಕಟಿಸುವ 1:25,000 ಅಳತೆಯ ನಕ್ಷೆಗಳಲ್ಲಿ, ಈ ಭಾಗಕ್ಕೆ ಓಎಲ್ 24ರಲ್ಲಿ, ಮೊದಲನೆಯದು ಹಸಿರು ತುಂಡುಗೆರೆಯಾಗಿ, ಎರಡನೆಯದು ಕಿತ್ತಳೆ ತುಂಡುಗೆರೆಯಾಗಿ, ಮೂರನೆಯದು ತಿಳಿಹಳದಿ ಬಣ್ಣದ ಹರವಾಗಿ ಕಾಣುತ್ತದೆ. ಆ ನಕ್ಷೆಯನ್ನು ಕೊಂಡುಕೊಳ್ಳಿ. ಮುಂದೆ ಹತ್ತಾರು ನಡಿಗೆಗಳಿಗೆ ಉಪಯೋಗಕ್ಕೆ ಬರುತ್ತದೆ.

ಈ ಮೂರನೆಯ ಹಕ್ಕು ಇಲ್ಲಿ ಸುಲಭವಾಗಿ ದಕ್ಕಿದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯ ಮೂರ್‌ಲ್ಯಾಂಡುಗಳನ್ನು ಗ್ರೌಸ್ ಹಕ್ಕಿಯ ಬೇಟೆಗೆಂದು ದೊಡ್ಡ ಜಮೀನ್ದಾರರು ಕಾಯ್ದಿಟ್ಟುಕೊಂಡಿದ್ದರು. ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್‌ನ ಗಿರಣಿ, ಕಾರ್ಖಾನೆಗಳಲ್ಲಿ ವಾರವಿಡೀ ಹೊಗೆ ಕುಡಿದವರು ಭಾನುವಾರ ಗುಡ್ಡ ಹತ್ತಲು ಹೋದರೆ ಕಾವಲುಗಾರರು ಅಟ್ಟುತ್ತಿದ್ದರು. 1932ರ ಏಪ್ರಿಲ್ 24ರಂದು ನೂರಾರು ಮಂದಿ ಇಲ್ಲಿಂದ ವಾಯವ್ಯಕ್ಕಿರುವ ಕಿಂಡರ್ ಸ್ಕೌಟ್ ಗುಡ್ಡಕ್ಕೆ ಒಟ್ಟಾಗಿ ನುಗ್ಗಿದರು. ಕೆಲವರು ಜೈಲಿಗೂ ಹೋದರು. ಅವರು ಅಂದು ಹತ್ತಿದ ಗುಡ್ಡದ ಒಂದು ಪಾಲು ಇದೇ ಚಾಟ್ಸ್‌ವರ್ತ್‌ನ ಒಡೆಯರಾದ ಡೆವನ್‌ಷೈರ್ ಡ್ಯೂಕರದಾಗಿತ್ತು. 1949ರ ಕಾಯಿದೆಯ ಬೆನ್ನಿಗೆ 1951ರಲ್ಲಿ ಈ ಸೀಮೆ, ಅಂದರೆ ಪೀಕ್ ಡಿಸ್ಟ್ರಿಕ್ಟ್, ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ನೆಲದ ಮೇಲೆ ಮುಕ್ತವಾಗಿ ಅಲೆಯುವ ಹಕ್ಕು ಬಂದುದು 2000ನೇ ಇಸವಿಯ ಇನ್ನೊಂದು ಕಾಯಿದೆಯಿಂದ, ಅದು ಜಾರಿಯಾದುದು 2004ರಿಂದ. ರಾಷ್ಟ್ರೀಯ ಉದ್ಯಾನವೆಂದರೆ ನಾಗರಹೊಳೆಯಂತೆ ಸರ್ಕಾರದ ಕಾಡು ಎಂದು ಭಾವಿಸಬೇಡಿ. ಇದರೊಳಗೆ ಹಳ್ಳಿ, ಹೊಲ, ಹೋಟೆಲು, ಡ್ಯೂಕರ ಮನೆ ಎಲ್ಲವೂ ಇವೆ, ನೆಲದ ಬಹುಪಾಲು ಖಾಸಗಿಯಾಗಿಯೇ ಉಳಿದಿದೆ.

ಇನ್ನು ದಾರಿಗೆ ಬರೋಣ. ಶೆಫೀಲ್ಡ್‌ನಿಂದ ಬೇಕ್‌ವೆಲ್ ಕಡೆಗೆ ಹೋಗುವ ಬಸ್ಸು ಬ್ಯಾಸ್ಲೋದಲ್ಲಿ ನಿಲ್ಲುತ್ತದೆ. ಹತ್ತು ನಿಮಿಷ ಬಿಡುವಿದ್ದರೆ ಸೇಂಟ್ ಆನ್ ಚರ್ಚಿನ ಗಡಿಯಾರವನ್ನು ನೋಡಿ ಬನ್ನಿ: ಅದರ ಒಂದು ಮುಖದಲ್ಲಿ ಅಂಕಿಗಳ ಜಾಗದಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿನ ಅಕ್ಷರಗಳೂ 1897 ಎಂಬ ಇಸವಿಯೂ ಇವೆ, ಹನ್ನೆರಡಕ್ಕೆ ಹನ್ನೆರಡು ಲೆಕ್ಕ ಸರಿಹೋಗಿದೆ. ಹಳ್ಳಿಯ ನೆದರ್ ಎಂಡ್ ಭಾಗದಿಂದ ಹುಲ್ಲು ಹೊದಿಸಿದ ಮನೆಗಳ ಪಕ್ಕದಲ್ಲಿ ಹೋಗುವ ದಾರಿ, ದನ ದಾಟದಂತೆ ಮಾಡಿದ ತಿರುಗುಗೇಟಿನ ಮೂಲಕ ಉದ್ಯಾನವನ್ನು ಸೇರುತ್ತದೆ. ಇಲ್ಲಿ ನಡೆಯಲು ಹಣ ಕೊಡಬೇಕಾಗಿಲ್ಲ. ಟಿಕೆಟು ಇರುವುದು ಮನೆಗೆ, ಮನೆಯ ಸುತ್ತಲಿನ ತೋಟಕ್ಕೆ ಮತ್ತು ಕಾರು ನಿಲ್ಲಿಸುವುದಕ್ಕೆ.

ಉದ್ಯಾನದೊಳಗೆ ಕಾಲಿಟ್ಟಾಗ ನಿಮ್ಮ ತಂದೆಯವರು ಇದನ್ನು ಒಳ್ಳೆಯ ಹುಲ್ಲುಬ್ಯಾಣ ಎಂದುಕೊಂಡರೆ ಆಶ್ಚರ್ಯವಿಲ್ಲ. ಹಾಗೆ ಕಾಣಲೆಂದೇ ಇದನ್ನು ಮಾಡಿದ್ದಾರೆ. 1760ರ ಆಸುಪಾಸಿನಲ್ಲಿ ನಾಲ್ಕನೆಯ ಡ್ಯೂಕರು ಕೇಪಬಿಲಿಟಿ ಬ್ರೌನ್ ಎಂಬ ಪ್ರಸಿದ್ಧ ಭೂದೃಶ್ಯ ವಿನ್ಯಾಸಕಾರರನ್ನು ಕರೆಸಿದರು. ಬ್ರೌನ್ ಹಳೆಯ ಕಟ್ಟುಪಾಡಿನ ತೋಟಗಳನ್ನೂ ಗೋಡೆಗಳನ್ನೂ ತೆಗೆಸಿ, ಜೌಗಿನ ನೀರು ಬಸಿದು, ಡರ್ವೆಂಟ್ ನದಿಯ ಪಾತ್ರವನ್ನು ತಿದ್ದಿ, ಗುಡ್ಡದ ನೆತ್ತಿಗಳಲ್ಲಿ ಮರಗಳ ಗುಂಪುಗಳನ್ನು ನೆಡಿಸಿ, ಮನುಷ್ಯನ ಕೈಯೇ ತಾಗಿಲ್ಲವೆಂಬ ನೋಟವನ್ನು ಅಪಾರ ಖರ್ಚಿನಲ್ಲಿ ಕಟ್ಟಿದರು. ಅದೇ ಕಾಲಕ್ಕೆ ವಾಸ್ತುಶಿಲ್ಪಿ ಜೇಮ್ಸ್ ಪೇನ್ ಮೂರು ಕಮಾನಿನ ಸೇತುವೆಯನ್ನು ಮನೆಗೆ ಓರೆಯಾಗಿ ನಿಲ್ಲಿಸಿದರು. ಸೇತುವೆ ದಾಟುವವನಿಗೆ ಮನೆ ಒಮ್ಮೆಲೇ ಎದುರಾಗದೆ ಮೂಲೆಯಿಂದ ತೆರೆದುಕೊಳ್ಳುತ್ತದೆ. ನದಿಯ ಪಶ್ಚಿಮದ ಹುಲ್ಲಿನಲ್ಲಿ ಬಿಸಿಲು ಓರೆಯಾಗಿ ಬಿದ್ದಾಗ ಸಾಲುಸಾಲು ಉಬ್ಬುತಗ್ಗುಗಳು ಕಾಣುತ್ತವೆ. ಅವು ಉದ್ಯಾನವಾಗುವ ಮೊದಲು ಅಲ್ಲಿ ಉತ್ತು ಬಿತ್ತಿದ ರೈತರ ನೇಗಿಲ ಗುರುತುಗಳು. ರೈತರಷ್ಟೇ ಅಲ್ಲ, ಊರೇ ಎದ್ದುಹೋದದ್ದೂ ಉಂಟು. ಮನೆಯ ಕಿಟಕಿಯಿಂದ ಕಾಣುತ್ತಿದ್ದ ಎಡೆನ್ಸರ್ ಹಳ್ಳಿಯ ಬಹುಭಾಗವನ್ನು ಕೆಡವಿ, 1838ರಿಂದ 1842ರ ನಡುವೆ ಗುಡ್ಡದ ಮರೆಗೆ ಹೊಸದಾಗಿ ಕಟ್ಟಿದರು. ಹೊಸ ಹಳ್ಳಿಯ ಮನೆಗಳು ಒಂದರಂತೆ ಇನ್ನೊಂದಿಲ್ಲ. ಚಿತ್ರದಂತಿವೆ ಎಂದು ನೋಡುವವರು ಹೊಗಳುತ್ತಾರೆ, ಆದರೆ ಎದ್ದು ಹೋಗಲು ಒಪ್ಪಿಗೆಯನ್ನು ಯಾರು ಯಾರನ್ನು ಕೇಳಿದರು ಎಂಬುದನ್ನೂ ನೆನೆಯುವುದು ನ್ಯಾಯ.

ಮನೆಯ ಇತಿಹಾಸವನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದನ್ನು ಒಳಗಿನ ಫಲಕಗಳೇ ಹೇಳುತ್ತವೆ. 1549ರಲ್ಲಿ ಸರ್ ವಿಲಿಯಂ ಕ್ಯಾವೆಂಡಿಶ್ ಮತ್ತು ಅವರ ಪತ್ನಿ, ಹಾರ್ಡ್‌ವಿಕ್‌ನ ಬೆಸ್ ಎಂದೇ ಹೆಸರಾದ ಎಲಿಜಬೆತ್, ಈ ಜಹಗೀರನ್ನು 600 ಪೌಂಡಿಗೆ ಕೊಂಡರು. ಬೆಸ್‌ರ ನಾಲ್ಕನೆಯ ಪತಿಯ ಕಾವಲಿನಲ್ಲಿ ಸ್ಕಾಟ್ಲೆಂಡಿನ ರಾಣಿ ಮೇರಿ ಇಲ್ಲಿ ಹಲವು ಸಲ ಸೆರೆಯಲ್ಲಿದ್ದಳು. ನದಿಯ ಬಳಿ ಮೆಟ್ಟಿಲಿರುವ ಎತ್ತರದ ಕಲ್ಲಿನ ಕಟ್ಟೆಯೊಂದಕ್ಕೆ ಅವಳ ಹೆಸರಿದೆ. ಈಗ ಕಾಣುವ ಮನೆಯ ಮುಖ್ಯ ಭಾಗ 1687ರಿಂದ ಇಪ್ಪತ್ತು ವರ್ಷಗಳಲ್ಲಿ ಮೊದಲನೆಯ ಡ್ಯೂಕರು ಕಟ್ಟಿಸಿದ್ದು.

ಕನ್ನಡಿಗರು ಇಲ್ಲಿ ಒಂದು ಕ್ಷಣ ಹೆಚ್ಚು ನಿಲ್ಲುವುದಕ್ಕೆ ಬೇರೆ ಕಾರಣವಿದೆ. 1826ರಲ್ಲಿ ಆರನೆಯ ಡ್ಯೂಕರ ತೋಟದ ಮುಖ್ಯಸ್ಥರಾಗಿ ಬಂದ ಜೋಸೆಫ್ ಪ್ಯಾಕ್ಸ್‌ಟನ್‌ಗೆ ಆಗ 22 ವರ್ಷ ವಯಸ್ಸು. ಅವರು 1836ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಇಲ್ಲಿ ಬೃಹತ್ತಾದ ಗಾಜಿನ ಸಸ್ಯಾಗಾರವನ್ನು ಕಟ್ಟಿದರು. ಅಲ್ಲಿ ಕಲಿತ ಪಾಠವೇ 1851ರಲ್ಲಿ ಲಂಡನ್ನಿನಲ್ಲಿ ಎದ್ದ ಗಾಜಿನ ಪ್ರದರ್ಶನ ಭವನವಾದ ಕ್ರಿಸ್ಟಲ್ ಪ್ಯಾಲೇಸ್‌ಗೆ ದಾರಿಯಾಯಿತು. ಆ ಕ್ರಿಸ್ಟಲ್ ಪ್ಯಾಲೇಸನ್ನು ಮಾದರಿಯಾಗಿಟ್ಟುಕೊಂಡೇ ಬೆಂಗಳೂರಿನ ಲಾಲ್‌ಬಾಗಿನ ಗಾಜಿನಮನೆ ಎದ್ದಿತು, ಅದರ ಅಡಿಗಲ್ಲು ಬಿದ್ದುದು 1889ರಲ್ಲಿ. ಚಾಟ್ಸ್‌ವರ್ತ್‌ನ ಸಸ್ಯಾಗಾರ ಈಗಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಬಿಸಿಮಾಡಲು ಕಲ್ಲಿದ್ದಲು ಸಿಗದೆ ಗಿಡಗಳು ಸತ್ತವು, 1920ರಲ್ಲಿ ಕಟ್ಟಡವನ್ನು ಕೆಡವಿದರು. ಅದರ ಅಡಿಪಾಯದ ಗೋಡೆಗಳು ಮಾತ್ರ ತೋಟದಲ್ಲಿವೆ. ಇನ್ನೂ ಒಂದು ನಂಟು: 1830ರ ದಶಕದಲ್ಲಿ ಪ್ಯಾಕ್ಸ್‌ಟನ್ ಇಲ್ಲಿ ಬೆಳೆಸಿ ಹೂ ಬಿಡಿಸಿದ ಗಿಡ್ಡ ಬಾಳೆಗೆ ಡ್ಯೂಕರ ಮನೆತನದ ಹೆಸರೇ ನಿಂತಿತು. ಕ್ಯಾವೆಂಡಿಶ್ ಗುಂಪಿನ ಬಾಳೆಯನ್ನೇ ನಮ್ಮ ಮಾರುಕಟ್ಟೆಗಳಲ್ಲಿ ಪಚ್ಚಬಾಳೆ ಎಂದು ಮಾರುವುದು. ನಿಮ್ಮ ತಾಯಿಯವರು ತೋಟದ ಟಿಕೆಟು ಪಡೆದು ಇಲ್ಲಿಯೇ ಉಳಿದರೆ ನೋಡಲು ಬೇಕಾದಷ್ಟಿದೆ, ಕುಳಿತುಕೊಳ್ಳಲು ಬೆಂಚುಗಳೂ ಇವೆ.

ಮನೆಯ ಉತ್ತರಕ್ಕಿರುವ ಕುದುರೆಲಾಯದ ಹಿಂದಿನಿಂದ ಸ್ಟ್ಯಾಂಡ್ ವುಡ್ ಕಾಡಿನ ಏರು ಆರಂಭವಾಗುತ್ತದೆ. ಇಡೀ ದಿನದ ಒಂದೇ ಕಡಿದಾದ ಏರು ಇದು: ಒಂದು ಕಿಲೋಮೀಟರಿನೊಳಗೆ ನೂರಿಪ್ಪತ್ತು ಮೀಟರಿನಷ್ಟು. ನೇರವಾಗಿ ಮೆಟ್ಟಿಲು ಹತ್ತಬಹುದು, ಇಲ್ಲವೇ ಬಳಸಿ ಹೋಗುವ ಅಗಲವಾದ ಬಂಡಿದಾರಿ ಹಿಡಿಯಬಹುದು. ಹೃದಯದ ತೊಂದರೆ ಇಲ್ಲದವರಿಗೂ ನಾನು ಎರಡನೆಯದನ್ನೇ ಹೇಳುತ್ತೇನೆ, ಮುಂದೆ ಕಾಲಿನ ಶಕ್ತಿ ಬೇಕಾಗುತ್ತದೆ. ಮೇಲೆ ಸಿಗುವ ಹಂಟಿಂಗ್ ಟವರ್ 1580ರ ದಶಕದ್ದು, ಬೆಸ್ ಕಾಲದಿಂದ ಉಳಿದ ಕೆಲವೇ ಕಟ್ಟಡಗಳಲ್ಲಿ ಒಂದು; ಹೆಂಗಸರು ಮತ್ತು ಅತಿಥಿಗಳು ಮೇಲೆ ನಿಂತು ಕೆಳಗಿನ ಬೇಟೆಯನ್ನು ನೋಡುತ್ತಿದ್ದರಂತೆ.

ಗೋಪುರದಿಂದ ಸ್ವಲ್ಪ ದಕ್ಷಿಣಕ್ಕೆ ಸರಿದರೆ ಎಂಪರರ್ ಲೇಕ್ ಎಂಬ ಕೆರೆ ಸಿಗುತ್ತದೆ. ಕೆಲವರು ಇದನ್ನು ಬಿಟ್ಟು ಮುಂದೆ ಹೋಗುತ್ತಾರೆ. ತೋಟಕ್ಕೆ ಅಬ್ಬಿನೀರು ಹಾಯಿಸಿ ಗೊತ್ತಿರುವ ನಿಮ್ಮ ತಂದೆಯವರಂತೂ ಬಿಡಬಾರದು. 1843ರಲ್ಲಿ ರಷ್ಯಾದ ಚಕ್ರವರ್ತಿ ಒಂದನೆಯ ನಿಕೊಲಸ್ ಬರಬಹುದೆಂದು ತಿಳಿದ ಡ್ಯೂಕರು ಜಗತ್ತಿನಲ್ಲೇ ಎತ್ತರದ ಕಾರಂಜಿಯನ್ನು ಕೇಳಿದರು. ಪ್ಯಾಕ್ಸ್‌ಟನ್ ಗುಡ್ಡದ ಮೇಲೆ ಎಂಟು ಎಕರೆಯ ಈ ಕೆರೆಯನ್ನು ತೋಡಿಸಿ, ಮೂರ್‌ಲ್ಯಾಂಡಿನ ತೊರೆಗಳ ನೀರನ್ನು ಕಾಲುವೆಗಳಲ್ಲಿ ತಂದು ತುಂಬಿಸಿ, ಅಲ್ಲಿಂದ ಕೊಳವೆಯಲ್ಲಿ ಮನೆಯ ಮುಂದಿನ ಕೊಳಕ್ಕೆ ಇಳಿಸಿದರು. ಕೆರೆಗೂ ಕಾರಂಜಿಗೂ ಎತ್ತರದ ವ್ಯತ್ಯಾಸ ಸುಮಾರು 107 ಮೀಟರ್. ಪಂಪಿಲ್ಲದೆ, ಕೇವಲ ಆ ಇಳಿತದ ಒತ್ತಡದಿಂದ ನೀರು 90 ಮೀಟರ್‌ವರೆಗೆ ಚಿಮ್ಮಿದ್ದುಂಟು, ಉಳಿದದ್ದನ್ನು ಕೊಳವೆಯ ಉಜ್ಜಾಟವೂ ಗಾಳಿಯೂ ನುಂಗುತ್ತವೆ. ಚಕ್ರವರ್ತಿ ಕೊನೆಗೂ ಬರಲಿಲ್ಲ. ಕಾರಂಜಿಗೆ ಮಾತ್ರ ಅವರ ಬಿರುದು ಉಳಿದಿದೆ. ಮೇಲಿನ ಮೂರ್‌ಲ್ಯಾಂಡ್ ಕೆಳಗಿನ ಉದ್ಯಾನದ ನೀರಿನ ತೊಟ್ಟಿಯಾಗಿ ದುಡಿದದ್ದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಎರಡು ಬೇರೆ ಲೋಕಗಳಂತೆ ತೋರುವ ಇವು ಒಂದೇ ಒಡೆತನದ ಒಂದೇ ಏರ್ಪಾಡು.

ಇಲ್ಲಿಂದ ಉತ್ತರಕ್ಕೆ ತಿರುಗಿ, ಕಾಡನ್ನು ಬಿಟ್ಟು, ಡಾಬ್ ಎಡ್ಜ್ ಎಂಬ ಬಂಡೆಸಾಲಿನ ಮೇಲಿನ ದಾರಿ ಹಿಡಿಯಬೇಕು. ಗೋಡೆಗಳನ್ನು ದಾಟಲು ನಮ್ಮ ತಡಮೆಯಂಥ ಮೆಟ್ಟಿಲುಗಳಿವೆ. ಕೆಳಗೆ ಹೀಥಿ ಲೀ ಎಂಬ ತೊರೆಯನ್ನು ಕಿರುಸೇತುವೆಯ ಮೇಲೆ ದಾಟಿ ಹತ್ತಿದರೆ ಚೆಸ್ಟರ್‌ಫೀಲ್ಡ್ ರಸ್ತೆ, ಅದರ ಪಕ್ಕದಲ್ಲಿ ರಾಬಿನ್ ಹುಡ್ ಹೆಸರಿನ ಪಬ್ಬು ಮತ್ತು ಕಾರು ನಿಲ್ಲಿಸುವ ಜಾಗ. ಈ ಸ್ಥಳವನ್ನು ನಕ್ಷೆಯಲ್ಲಿ ದೊಡ್ಡದಾಗಿ ಗುರುತು ಮಾಡಿಕೊಳ್ಳಿ, ಏಕೆಂದರೆ ಮುಂದುವರಿಯಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಬೇಕಾದುದು ಇಲ್ಲಿ. ಮಧ್ಯಾಹ್ನ ಎರಡು ಗಂಟೆ ದಾಟಿದ್ದರೆ, ಮಂಜು ಇಳಿದಿದ್ದರೆ, ತಂದೆಯವರ ಮಾತು ಕಡಿಮೆಯಾಗಿದ್ದರೆ ಇಲ್ಲಿಗೆ ನಿಲ್ಲಿಸಿ. ಬ್ಯಾಸ್ಲೋ ಇಲ್ಲಿಂದ ಎರಡು ಕಿಲೋಮೀಟರಿನಷ್ಟು ಕೆಳಗಿದೆ, ಕಾರಿನಲ್ಲಿ ಐದು ನಿಮಿಷ. ಮುಂದೆ ಹೋದ ಮೇಲೆ ನಡುವಿನಲ್ಲಿ ಬಿಟ್ಟು ಇಳಿಯುವ ಅನುಕೂಲ ಕಡಿಮೆ.

ಈಗ ಮೂರ್‌ಲ್ಯಾಂಡ್ ಎಂದರೇನು ಎಂಬ ನಿಮ್ಮ ಮೂರನೆಯ ಪ್ರಶ್ನೆ. ದೂರದಿಂದ ನೋಡಿದರೆ ಕುದುರೆಮುಖದ ನೆನಪಾಗುವುದು ಸಹಜ: ಮರವಿಲ್ಲದ ಉರುಟು ಬೆನ್ನುಗಳು, ಗಾಳಿ, ಓಡುವ ಮಂಜು. ಆದರೆ ಹುಟ್ಟು ಬೇರೆ. ಪಶ್ಚಿಮಘಟ್ಟದ ಶೋಲಾ ಮತ್ತು ಹುಲ್ಲುಗಾವಲಿನ ಜೋಡಿ ಸಾವಿರಾರು ವರ್ಷಗಳಿಂದ ಹವೆ, ಮಣ್ಣುಗಳ ಕಾರಣದಿಂದ ನೆಲೆ ನಿಂತದ್ದು. ಇಲ್ಲಿಯ ಮೂರ್‌ಲ್ಯಾಂಡ್ ಬಹುಪಾಲು ಮನುಷ್ಯರಿಂದ ಆದದ್ದು. ಕಂಚಿನ ಯುಗದ ರೈತರು ಇಲ್ಲಿದ್ದ ಕಾಡನ್ನು ಕಡಿದು ಬೇಸಾಯ ಮಾಡಿದರು. ಮರಗಳು ಹೋದ ಮೇಲೆ ಮಣ್ಣು ಸತ್ವ ಕಳೆದುಕೊಂಡು ಹುಳಿಯಾಯಿತು, ಹವೆ ತಣ್ಣಗಾಗಿ ತೇವ ಹೆಚ್ಚಿತು, ಕೊಳೆಯದ ಸಸ್ಯಾವಶೇಷ ಪದರಪದರವಾಗಿ ಪೀಟ್ ಎಂಬ ಕರಿಮಣ್ಣಾಯಿತು. ಬರ್ಚೆನ್ ಎಡ್ಜ್‌ನ ಪಶ್ಚಿಮಕ್ಕಿರುವ ಗಾರ್ಡಮ್ಸ್ ಎಡ್ಜ್ ಮೇಲೆ ಆ ರೈತರು ಹೊಲದಿಂದ ಹೆಕ್ಕಿ ರಾಶಿ ಹಾಕಿದ ಕಲ್ಲುಗುಪ್ಪೆಗಳು ಈಗಲೂ ಇವೆ. ಆ ಮೇಲೆ ಕುರಿಗಳ ಮೇವು, ಗ್ರೌಸ್ ಬೇಟೆಗಾಗಿ ಹಾಕುವ ಬೆಂಕಿ ಇವೆರಡೂ ಸೇರಿ ಮರ ಮತ್ತೆ ಬಾರದಂತೆ ತಡೆದವು. ಹೀದರ್ ಎಂಬ ಮೊಣಕಾಲೆತ್ತರದ ಕುರುಚಲು ಗಿಡದ ಎಳೆಚಿಗುರು ಗ್ರೌಸ್ ಹಕ್ಕಿಯ ಆಹಾರ. ಹಳೆಯ ಗಿಡವನ್ನು ಪಟ್ಟಿಪಟ್ಟಿಯಾಗಿ ಸುಟ್ಟರೆ ಹೊಸ ಚಿಗುರು ಬರುತ್ತದೆ. ಹೀಗೆ ಸುಡುವುದು ಪೀಟ್ ಮಣ್ಣಿಗೆ ಹಾನಿ ಎಂಬ ವಾದ ಇಲ್ಲಿ ಜೋರಾಗಿಯೇ ನಡೆದಿದೆ, ನನಗೂ ಆ ವಾದದಲ್ಲಿ ಹುರುಳಿದೆ ಎನಿಸುತ್ತದೆ.

ನೀವು ಆರಿಸಿಕೊಂಡ ಸಮಯ ಮಾತ್ರ ಬಹಳ ಒಳ್ಳೆಯದು. ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಹೀದರ್ ಹೂ ಬಿಟ್ಟು ಗುಡ್ಡವೆಲ್ಲ ನೇರಳೆಯಾಗಿರುತ್ತದೆ. ಅದೇ ಆಗಸ್ಟ್ 12ಕ್ಕೆ ಗ್ರೌಸ್ ಬೇಟೆಯ ಕಾಲವೂ ತೊಡಗಿ ಡಿಸೆಂಬರ್ 10ರವರೆಗೆ ನಡೆಯುತ್ತದೆ. ಮುಕ್ತ ಪ್ರವೇಶದ ನೆಲವನ್ನೂ ಒಡೆಯರು ವರ್ಷಕ್ಕೆ 28 ದಿನಗಳವರೆಗೆ ನಿರ್ಬಂಧಿಸಲು ಕಾನೂನಿನಲ್ಲಿ ಅವಕಾಶವಿದೆ. ಗೇಟಿನ ಬಳಿ ಸೂಚನೆ ಅಂಟಿಸಿದ್ದರೆ ಓದಿ ಮುಂದುವರಿಯಿರಿ. ಚಾಟ್ಸ್‌ವರ್ತ್ ಉದ್ಯಾನದಲ್ಲಿ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಆರಂಭದ ಒಂದು ವಾರಾಂತ್ಯ ದೊಡ್ಡ ಜಾತ್ರೆ ನಡೆಯುತ್ತದೆ. ಆ ಮೂರು ದಿನ ಈ ಕಡೆಗೆ ಬರಲೇಬೇಡಿ.

ಪಬ್ಬಿನ ಪಕ್ಕದಿಂದ ಹತ್ತುವ ದಾರಿ ಬರ್ಚೆನ್ ಎಡ್ಜ್‌ಗೆ ಒಯ್ಯುತ್ತದೆ. ಎಡ್ಜ್ ಎಂದರೆ ಇಲ್ಲಿ ಕಿಲೋಮೀಟರುಗಟ್ಟಲೆ ಹಬ್ಬಿದ ಬಂಡೆಗೋಡೆ. ಸುಮಾರು 32 ಕೋಟಿ ವರ್ಷಗಳ ಹಿಂದೆ ದೊಡ್ಡ ನದಿಯೊಂದರ ಮುಖಜಭೂಮಿಯಲ್ಲಿ ಬಿದ್ದ ಒರಟು ಮರಳು ಗಟ್ಟಿಯಾಗಿ ಈ ಮರಳುಗಲ್ಲಾಗಿದೆ. ಬೀಸುವಕಲ್ಲಿಗೆ ಹೇಳಿಮಾಡಿಸಿದ ಕಲ್ಲು. ಈ ಎಡ್ಜ್‌ಗಳ ಬುಡದಲ್ಲಿ ಕೆತ್ತಿ ಮುಗಿಸಿಯೂ ಒಯ್ಯದೆ ಬಿಟ್ಟ ದುಂಡನೆಯ ಬೀಸುವಕಲ್ಲುಗಳು ಅಲ್ಲಲ್ಲಿ ಬಿದ್ದಿವೆ. ಬರ್ಚೆನ್ ಎಡ್ಜ್ ಮೇಲೆ 1810ರಲ್ಲಿ ಬ್ಯಾಸ್ಲೋದ ವ್ಯಾಪಾರಿಯೊಬ್ಬರು ನೌಕಾಧಿಪತಿ ನೆಲ್ಸನ್ ನೆನಪಿಗೆ ನಿಲ್ಲಿಸಿದ ಕಲ್ಲುಕಂಬವಿದೆ. ಅದರ ಹಿಂದಿನ ಮೂರು ಬಂಡೆಗಳ ಮೇಲೆ ಅವರ ನೌಕಾಪಡೆಯ ಹಡಗುಗಳ ಹೆಸರನ್ನು ಕೆತ್ತಿದ್ದಾರೆ. ಬಂಡೆಯ ಅಂಚಿಗೆ ಬೇಲಿಯಿಲ್ಲ. ಫೋಟೋ ತೆಗೆಯುವವರು ಹಿಂದೆ ಹಿಂದೆ ಹೆಜ್ಜೆಯಿಡಬಾರದು.

ಸರ್ವೇ ಕಂಬದಿಂದ ಆಚೆಗೆ, ದೊಡ್ಡ ರಸ್ತೆಯ ಕೂಡುದಾರಿಯವರೆಗಿನ ಕಿಲೋಮೀಟರಿನಷ್ಟು ದಾರಿಯೇ ನಾನು ಮೊದಲಲ್ಲಿ ಹೇಳಿದ ಜೌಗು. ಮಳೆ ಬಂದು ಎರಡು ದಿನವಾಗಿದ್ದರೂ ಪೀಟ್ ನೀರು ಬಿಡುವುದಿಲ್ಲ. ಹಸಿರು ಪಾಚಿಯ ಮೆತ್ತೆ ಹೊಳೆಯುವಲ್ಲಿ ಕಾಲಿಡಬೇಡಿ. ಒರಟು ಹುಲ್ಲಿನ ಗಡ್ಡೆಗಳ ಮೇಲೆ, ಇಲ್ಲವೇ ಹೀದರ್ ಬೇರಿನ ಬುಡದಲ್ಲಿ ಹೆಜ್ಜೆಯಿಡಿ. ಮಲೆನಾಡಿನ ಗದ್ದೆಯಂಚಿನಲ್ಲಿ ನಡೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ನಿಮಗೆ ನಿಮ್ಮ ತಂದೆಯವರೇ ಕಲಿಸಿಯಾರು. ರಸ್ತೆ ದಾಟಿ ಎದುರಿನ ಗೇಟು ತೆರೆದರೆ ಪಶ್ಚಿಮಕ್ಕೆ ಹೋಗುವ ಒಳ್ಳೆಯ ಬಂಡಿದಾರಿ ಸಿಗುತ್ತದೆ, ಅದರ ಕೊನೆಯಲ್ಲಿ ಕಲ್ಲಿನ ಶಿಲುಬೆ. ನೆಲ್ಸನ್ ಕಂಬಕ್ಕೆ ಎದುರುಜೋಡಿಯಾಗಿ 1866ರಲ್ಲಿ ಬ್ಯಾಸ್ಲೋದ ವೈದ್ಯರೊಬ್ಬರು ವೆಲಿಂಗ್ಟನ್ ಡ್ಯೂಕನ ನೆನಪಿಗೆ ಇದನ್ನು ನಿಲ್ಲಿಸಿದರು. ನೆಪೋಲಿಯನ್ನನ ವಿರುದ್ಧ ವಾಟರ್ಲೂ ಯುದ್ಧ ಗೆಲ್ಲುವ ಮುಂಚೆ ಈತ ಆರ್ಥರ್ ವೆಲ್ಲೆಸ್ಲಿಯಾಗಿ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದವನು, ಟಿಪ್ಪು ಮಡಿದ ಮೇಲೆ ಆ ಪಟ್ಟಣದ ಆಡಳಿತ ಹಿಡಿದವನು, ಮರುವರ್ಷ ಧೋಂಡಿಯ ವಾಘನನ್ನು ಬೆನ್ನಟ್ಟಿ ಕೊಂದವನು. ಶಿಲುಬೆಯ ಕಲ್ಲಿನಲ್ಲಿ ಹುಡುಕಿದರೆ ನಮ್ಮ ಊರುಗಳ ಹೆಸರು ಸಿಗದು. ನಿಮ್ಮ ತಂದೆಯವರಿಗೆ ನೀವೇ ಹೇಳಬೇಕು.

ಅಲ್ಲಿಂದ ಮುಂದೆ ಬಯಲಿನಲ್ಲಿ ಒಂಟಿಯಾಗಿ ನಿಂತಿರುವ ಈಗಲ್ ಸ್ಟೋನ್ ಎಂಬ ದೊಡ್ಡ ಬಂಡೆಯನ್ನು ಹತ್ತದ ಹುಡುಗನಿಗೆ ಹಿಂದೆ ಬ್ಯಾಸ್ಲೋದಲ್ಲಿ ಹೆಣ್ಣು ಕೊಡುತ್ತಿರಲಿಲ್ಲವಂತೆ. ಆ ಬಳಿಕ ಬಾರ್ ರೋಡ್ ಎಂಬ ಹಳೆಯ ಕಲ್ಲುಹಾದಿ ಹಳ್ಳಿಗೆ ಇಳಿಯುತ್ತದೆ. ಕಲ್ಲುಗಳು ಸಡಿಲವಾಗಿವೆ, ಕಾಲು ದಣಿದಿರುತ್ತದೆ. ತಂದೆಯವರ ಕೈಗೆ ಒಂದು ಊರುಗೋಲು ಇರಲಿ. ಮಂಡಿನೋವಿನವರನ್ನು ಇಲ್ಲಿ ಇಳಿಸಬೇಡಿ.

ಉಡುಪಿನ ಬಗ್ಗೆ ಒಂದೇ ಕಟ್ಟುನಿಟ್ಟು: ಹತ್ತಿಬಟ್ಟೆ ಬೇಡ. ಒದ್ದೆಯಾದ ಹತ್ತಿ ಮೈಗೆ ಅಂಟಿ ಶಾಖ ಕದಿಯುತ್ತದೆ. 300 ಮೀಟರ್ ಎತ್ತರದಲ್ಲಿ ಉಷ್ಣತೆ ಕೆಳಗಿಗಿಂತ ಒಂದೆರಡು ಡಿಗ್ರಿಯಷ್ಟೇ ಕಡಿಮೆಯಾದರೂ ತಡೆಯಿಲ್ಲದ ಗಾಳಿ ಚಳಿಯನ್ನು ಬಹಳ ಹೆಚ್ಚಿಸುತ್ತದೆ. ಆಗಸ್ಟಿನಲ್ಲೂ ಉಣ್ಣೆಯ ಒಂದು ಅಂಗಿ, ನೀರು ತಡೆಯುವ ಜಾಕೆಟ್ಟು, ಕಿವಿ ಮುಚ್ಚುವ ಟೊಪ್ಪಿ ಚೀಲದಲ್ಲಿರಲಿ. ಊರಿನಿಂದ ತಂದ ರಬ್ಬರ್ ಚಪ್ಪಲಿ ನಡೆಯದು. ಹೊಸ ಬೂಟನ್ನು ಅದೇ ದಿನ ಮೊದಲ ಬಾರಿ ಹಾಕಿಸುವುದೂ ತಪ್ಪು. ಬಂದ ಮಾರನೆಯ ದಿನವೇ ಕೊಡಿಸಿ, ವಾರವಿಡೀ ಬೀದಿಯಲ್ಲಿ ಹಾಕಿ ನಡೆಯಲಿ. ಊಟಕ್ಕೆ ಚಪಾತಿ, ಚಿತ್ರಾನ್ನ ಏನಾದರೂ ಆದೀತು. ಒಲೆ ಹಚ್ಚುವಂತಿಲ್ಲ, ಒಣಗಿದ ಪೀಟ್‌ಗೆ ಬೆಂಕಿ ಬಿದ್ದರೆ ನೆಲದೊಳಗೇ ದಿನಗಟ್ಟಲೆ ಉರಿಯುತ್ತದೆ.

ಶಿರಸಿಯವರಾದ್ದರಿಂದ ಉಣುಗಿನ ವಿಷಯ ನಿಮಗೆ ಬೇಗ ಅರ್ಥವಾಗುತ್ತದೆ. ಮಂಗನ ಕಾಯಿಲೆಯ ಉಣುಗು ಇಲ್ಲಿಲ್ಲ, ಆದರೆ ಜಿಂಕೆ, ಕುರಿಗಳಿರುವ ಈ ಜರಿಗಿಡ, ಹೀದರ್‌ಗಳ ನಡುವೆ ಲೈಮ್ ಕಾಯಿಲೆ ಹರಡುವ ಉಣುಗುಗಳಿವೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿ; ಸಂಜೆ ಮಂಡಿಯ ಹಿಂದೆ, ಕಂಕುಳು, ತೊಡೆಸಂದು ನೋಡಿಕೊಳ್ಳಿ; ಕಚ್ಚಿದ್ದರೆ ಸಣ್ಣ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಮುಂದಿನ ವಾರಗಳಲ್ಲಿ ಕಚ್ಚಿದ ಜಾಗದ ಸುತ್ತ ಕೆಂಪು ವೃತ್ತ ಹರಡಿದರೆ ವೈದ್ಯರಲ್ಲಿಗೆ ಹೋಗಬೇಕು. ತಂದೆಯವರು ಅಷ್ಟರಲ್ಲಿ ಊರಿಗೆ ಮರಳಿದ್ದರೆ ಅಲ್ಲಿಯ ವೈದ್ಯರಿಗೆ ಇಂಗ್ಲೆಂಡಿನಲ್ಲಿ ಉಣುಗು ಕಚ್ಚಿದ್ದನ್ನು ಹೇಳುವಂತೆ ತಿಳಿಸಿಡಿ, ಇಲ್ಲವಾದರೆ ಅವರಿಗೆ ಲೈಮ್‌ನ ನೆನಪಾಗದಿರಬಹುದು. ಉದ್ಯಾನದಲ್ಲಿ ಜಿಂಕೆಗಳಿಂದ 50 ಮೀಟರ್ ದೂರವಿರಿ. ಬ್ಯಾಸ್ಲೋ ಎಡ್ಜ್ ಮೇಲೆ ಉದ್ದಕೊಂಬಿನ ಹೈಲ್ಯಾಂಡ್ ದನಗಳು ದಾರಿಗೆ ಅಡ್ಡ ಮಲಗಿದ್ದರೆ ಬಳಸಿ ಹೋಗಿ, ತಾಯಿ-ಕರುವಿನ ನಡುವೆ ಹೋಗಬೇಡಿ. ಮೊಬೈಲ್ ಸಂಪರ್ಕ ಎಲ್ಲೆಡೆ ಸಿಗುತ್ತದೆಂದು ನಂಬಬೇಡಿ. ಅವಘಡವಾದರೆ 999ಕ್ಕೆ ಕರೆಮಾಡಿ ಮೊದಲು ಪೊಲೀಸರನ್ನು, ಅವರಲ್ಲಿ ಮೌಂಟನ್ ರೆಸ್ಕ್ಯೂ ತಂಡವನ್ನು ಕೇಳಬೇಕು. ಸೀಟಿಯಿದ್ದರೆ ನಿಮಿಷಕ್ಕೆ ಆರು ಸಲ ಊದುವುದು ಇಲ್ಲಿಯ ಸಂಕೇತ.

ದಿನವನ್ನು ಹೀಗೆ ಹಂಚಿಕೊಳ್ಳಿ. ಹತ್ತಕ್ಕೆ ನಾಲ್ವರೂ ಬ್ಯಾಸ್ಲೋದಿಂದ ನಡೆದು ಹನ್ನೊಂದರ ಒಳಗೆ ಮನೆಯ ಬಳಿ ಸೇರಿ. ಅಲ್ಲಿಂದ ನೀವು ಮತ್ತು ತಂದೆಯವರು ಸ್ಟ್ಯಾಂಡ್ ವುಡ್ ಹತ್ತಿ, ನಿಮ್ಮ ಸಂಗಾತಿಯೊಂದಿಗೆ ತಾಯಿಯವರು ತೋಟದಲ್ಲಿ ಉಳಿಯಲಿ. ಕಾರು ತಂದಿದ್ದರೆ ಅದನ್ನು ಚಾಟ್ಸ್‌ವರ್ತ್‌ನಲ್ಲೇ ನಿಲ್ಲಿಸಿ, ಬ್ಯಾಸ್ಲೋಗೆ ಬಸ್ಸಿನಲ್ಲಿ ಹೋಗಿ ನಡಿಗೆ ಶುರುಮಾಡಿ. ಆಗ ಒಂದೂವರೆಗೆ ಅವರು ಅದೇ ಕಾರಿನಲ್ಲಿ ರಾಬಿನ್ ಹುಡ್ ಬಳಿ ಬಂದು ನಿಮ್ಮೊಡನೆ ಊಟ ಮಾಡಬಹುದು. ತಂದೆಯವರು ಅಲ್ಲಿ ಕಾರು ಹತ್ತಿದರೆ ಬೇಸರ ಬೇಡ, ಆಗಲೇ ಅರ್ಧಕ್ಕಿಂತ ಹೆಚ್ಚು ಮುಗಿಸಿರುತ್ತಾರೆ. ಹತ್ತದಿದ್ದರೆ ಕಾರು ಬ್ಯಾಸ್ಲೋಗೆ ಹೋಗಿ ಕಾಯಲಿ, ಮತ್ತು ನೀವು ಐದು ಗಂಟೆಯೊಳಗೆ ಇಳಿದು ಬರದಿದ್ದರೆ ಯಾರಿಗೆ ಕರೆ ಮಾಡಬೇಕೆಂಬುದನ್ನು ನಿಮ್ಮ ಸಂಗಾತಿಗೆ ಬರೆದುಕೊಟ್ಟು ಹೊರಡಿ.